ಸಿಂಚನಾಳ ಬಾಜು ಯಾರು ಕೂರಬೇಕು?

"ನಂಗ ಹುಡುಗರು ಸೇರೂದಿಲ್ರಿ, ಹುಡುಗ್ಯಾರು ಸೇರ್ತಾರ. ಆಮ್ಯಾಲೆ ಮುಚ್ಚಿಟ್ಟಳು ಅನ್ನಬಾರದಂತ ಈಗ ಹೇಳಾಕತ್ತೀನಿ."

ನಮ್ಮ ಕಾಲೇಜಿನ ಸಖಿ ಬಳಗಕ್ಕೆ ಸೇರಲು ಬಂದ ಫಸ್ಟ್ ಇಯರ್ ಹುಡುಗಿ ಪರಿಚಯ ಮಾಡಿಕೊಂಡ ರೀತಿ ಇದು. ಹೆಸರು, ಊರು ಯರಗುಪ್ಪಿ, ಹವ್ಯಾಸ ಖೋ ಖೋ, ಆಮೇಲೆ ಇದು.

(ಬರೆಯುತ್ತೇನೆಂದಾಗ ಅವಳು ಒಪ್ಪಿದಳು. "ಹೆಸರು ಬದಲಿಸು, ಆದ್ರ ಹಳೇ ಕಾಲದ್ದು ಇಡಬ್ಯಾಡ" ಎಂದಳು. ಹಾಗಾಗಿ ಇಲ್ಲಿ ಅವಳು ಸಿಂಚನಾ.)

ಸಖಿ ಬಳಗ ಅಂದರೆ ನಾವು ಹದಿನಾಲ್ಕು ಹುಡುಗಿಯರು. ನೋಟ್ಸು, ಟ್ರಿಪ್ಪು, ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗು, ಎಲ್ಲ ಒಟ್ಟಿಗೆ. ನಾನು ಸೆಕ್ರೆಟರಿ.

ನಮ್ಮ ಬಳಗದ ರೇಣುಕಾ ತಕ್ಷಣ ಮೊಬೈಲಿನಲ್ಲಿ 'ಲೆಸ್ಬಿಯನ್' ಅಂತ ಹುಡುಕಿ, ಬೆಂಚಿನ ಕೆಳಗಿಂದ ಎಲ್ಲರಿಗೂ ದಾಟಿಸಿದಳು.

ಸಿಂಚನಾ ಹೊರಗೆ ಹೋದದ್ದೇ ತಡ, ಶುರುವಾಯಿತು. ಗ್ಯಾದರಿಂಗಿನಲ್ಲಿ ಅವಳಿರುವ ಖೋಲಿಯಲ್ಲೇ ಸೀರೆ ಉಡುವುದು ಹೇಗೆ? ಮನೆಯಲ್ಲಿ ಗೊತ್ತಾಗಿ ನಮ್ಮನ್ನೇ ಕಾಲೇಜು ಬಿಡಿಸಿದರೆ?

ಈ ಎರಡನೆಯದು ಸುಳ್ಳು ಭಯವಲ್ಲ. ನಮ್ಮ ಊರುಗಳಲ್ಲಿ ಇದಕ್ಕಿಂತ ಸಣ್ಣ ಕಾರಣಕ್ಕೆ ಹುಡುಗಿಯರ ಬಸ್ ಪಾಸು ನಿಂತಿದೆ.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ... ಹೊರಗಿದ್ದ ಸಿಂಚನಾಳಿಗೆ, "ಭಾನುವಾರ ನಮ್ಮೂರು ಸಂಶಿಗೆ, ನಮ್ಮನಿಗೆ ಊಟಕ್ಕ ಬಾ, ಆಮ್ಯಾಲೆ ರಿಜಿಸ್ಟರ್‌ದಾಗ ಹೆಸರು ಬರಿಯೂಣು" ಅಂದೆ. ಹೊಸಬರನ್ನು ಊಟಕ್ಕೆ ಕರೆಯುವುದು ಬಳಗದ ರೂಢಿಯೇ. ಆದರೆ ನಿಜ ಹೇಳುತ್ತೇನೆ, ಅವಳು ಬರುವುದಿಲ್ಲ ಅಂದುಕೊಂಡೇ ಕರೆದದ್ದು.

ಎಲ್ಲರಿಗಿಂತ ಒಂದು ತಾಸು ಮೊದಲೇ ಸ್ಕೂಟಿಯಲ್ಲಿ ಬಂದಳು. ಕೈಯಲ್ಲಿ ಹೊಲದ ಹಸಿ ಕಡಲೆಯ ಕಟ್ಟು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅವ್ವನ ಜೊತೆ ಕೂತು ಕಡಲೆ ಸುಲಿಯುತ್ತಿದ್ದಾಳೆ.

ಊಟಕ್ಕೆ ಸಾಲಾಗಿ ಕೂತೆವು. ಸಿಂಚನಾ ತುದಿಯಲ್ಲಿ. ಅವಳ ಪಕ್ಕ ಇಬ್ಬರು ಕೂರುವಷ್ಟು ಜಾಗ ಖಾಲಿ, ಈ ಕಡೆ ನಾವು ಹದಿನಾಲ್ಕು ಮಂದಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು.

"ಯಾಕ ಬೇ, ಅಲ್ಲೆ ಯಾಕ ಜಾಗಾ ಬಿಟ್ಟೀರಿ?" ಅವ್ವ ರೊಟ್ಟಿ ಹಿಡಿದು ನಿಂತಳು.



"ನಂಗ ಹುಡುಗ್ಯಾರು ಸೇರ್ತಾರ್ರಿ ಕಾಕು, ಲಗ್ನ ಆಗೂವಷ್ಟು. ಅದಕ್ಕ ಇವರಿಗೆ ಅಂಜಿಕಿ," ಅಂದಳು ಸಿಂಚನಾ. ದನಿ ಗಟ್ಟಿಯಾಗಿಯೇ ಇತ್ತು.

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದಳು. "ಮತ್ತ ಇವರಾಗ ಯಾರರ ಮನಸಿಗೆ ಬಂದಾರೇನು?"

ಸಿಂಚನಾ ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.

"ಇಲ್ರಿ. ಒಬ್ಬರೂ ಇಲ್ಲ."

ಇಷ್ಟು ದಿನ ಅಂಜಿದವರ ಮುಖ ನೋಡಬೇಕಿತ್ತು... "ಅಂದ್ರ ನಮಗ ಏನ್ ಕಡಿಮಿ ಆಗೇತಿ?" ಅಂದೇ ಬಿಟ್ಟಳು ರೇಣುಕಾ. ಹೊಸ ಕುರ್ತಾ ಹಾಕಿದ್ದ ನನಗೂ ಒಳಗೊಳಗೆ ಚುಚ್ಚಿತು.

ಅವ್ವ ತನ್ನ ತಟ್ಟೆ ತಂದು ಸಿಂಚನಾಳ ಬಾಜು ಕೂತಳು. ಅವ್ವನಿಗೆ ಎಲ್ಲ ಅರ್ಥವಾಯಿತು ಅಂತಲ್ಲ. ಎರಡು ತುತ್ತು ಆದ ಮೇಲೆ ಮೆಲ್ಲಗೆ ಕೇಳಿದಳು, "ಸ್ವಾಮಾರ ಉಪಾಸ ಮಾಡಿ ನೋಡಿಯೇನು?"

"ನಮ್ಮವ್ವ ಐದು ವಾರ ಮಾಡಿಸಿದಳ್ರಿ. ಹಸಿವಿ ಆತು. ಬ್ಯಾರೆ ಏನೂ ಆಗಲಿಲ್ಲ."

ಮೊದಲು ನಕ್ಕವಳು ಅವ್ವ. ಆಮೇಲೆ ಸಾಲು ಪೂರ್ತಿ. ಸಿಂಚನಾ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು, ಬದನೆಕಾಯಿ ಖಾರ ಅಂದಳು. ಖಾರ ಅಷ್ಟೇನೂ ಇರಲಿಲ್ಲ.

ಅವತ್ತೇ ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದೆ. ಇಬ್ಬರು ಬಳಗ ಬಿಟ್ಟರು, ಈಗಲೂ ಮಾತಾಡುವುದಿಲ್ಲ. ರೇಣುಕಾ ಮಾತ್ರ ಗ್ಯಾದರಿಂಗಿನ ದಿನ ಸೀರೆಯ ನಿರಿಗೆ ಹಿಡಿಯಲು ಸಿಂಚನಾಳನ್ನೇ ಕೂಗಿ ಕರೆದಳು.

ಅವತ್ತು ನಮ್ಮ ಮನೆಯ ಸಾಲಿನಲ್ಲಿ ನೀವಿದ್ದಿದ್ದರೆ, ನಿಜ ಹೇಳಿ, ಎಲ್ಲಿ ಕೂರುತ್ತಿದ್ದಿರಿ?