ಮೆದುಳಲ್ಲ, ಪೊರೆ

ಅರಳು ಹುರಿದಂತೆ ಮಾತನಾಡುತ್ತಿದ್ದುದರಿಂದ ನನ್ನ ತಂಗಿಗೆ ಮನೆಯಲ್ಲಿ ‘ಅರಳು’ ಎಂದೇ ಹೆಸರಾಗಿತ್ತು. ನ್ಯಾಯಾಲಯದಲ್ಲಿ ಬಹುಕಾಲ ದುಭಾಷಿಯಾಗಿದ್ದಳು. ಅಲ್ಲಿ ತಪ್ಪನ್ನು ನುಂಗಿಕೊಳ್ಳುವಂತಿಲ್ಲ. ‘ತಿದ್ದುಪಡಿ’ ಎಂದು ಗಟ್ಟಿಯಾಗಿ ಹೇಳಿಯೇ ಮುಂದುವರಿಯಬೇಕು. ಆಮೇಲೆ ವಿಜ್ಞಾನ ಭವನ ಸೇರಿದಳು. ಸಭಾಂಗಣದ ಹಿಂದೊಂದು ಗಾಜಿನ ಕೋಣೆ. ವಿಜ್ಞಾನಿ ಇಂಗ್ಲಿಷಿನಲ್ಲಿ ಮಾತನಾಡಿದರೆ, ಕೇಳುಗರ ಕಿವಿಯಲ್ಲಿ ಇವಳ ಕನ್ನಡ.

ಶಾಲಾ ಮೇಷ್ಟ್ರಾದ ನಾನೂ ಅಂದು ಭಾಷಣ ಕೇಳಲು ಅವಳ ಜೊತೆ ಹೋಗಿದ್ದೆ. ಬೆಳಿಗ್ಗೆಯೇ ಭವನದ ಮೇಲ್ವಿಚಾರಕ ಕಡ್ಡಿ ಮುರಿದಂತೆ ಹೇಳಿದ್ದ: “ಇವತ್ತು ಕನ್ನಡದಲ್ಲಿ ಒಂದು ಪ್ರಶ್ನೆನಾದ್ರೂ ಬರಬೇಕು. ಬರಲಿಲ್ಲಾಂದ್ರೆ ಅನುವಾದ ಯಾರಿಗೂ ಬೇಡ ಅಂತ ಅರ್ಥ. ಕೋಣೆ ಮುಚ್ಚಿಬಿಡ್ತೀವಿ.”

ಅವಳು ನನ್ನತ್ತ ತಿರುಗಿ, “ಅಣ್ಣಾ, ನಿನ್ನ ದಮ್ಮಯ್ಯ, ನೀನು ಮಾತ್ರ ಕೈ ಎತ್ತಬೇಡ. ಅಣ್ಣನ ಪ್ರಶ್ನೆ, ಅದರಲ್ಲೂ ಮೇಷ್ಟ್ರ ಪ್ರಶ್ನೆ, ಲೆಕ್ಕಕ್ಕೆ ಬರಲ್ಲ,” ಎಂದಳು.

ವಿಷಯ ಎಳೆಗಳ ಸಿದ್ಧಾಂತ, ಅಂದರೆ ಸ್ಟ್ರಿಂಗ್ ಥಿಯರಿ. ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಸಿಗುವುದು ಕಣವಲ್ಲ, ಕಂಪಿಸುವ ಸಣ್ಣ ಎಳೆ ಎಂಬ ಊಹೆ. ನಮಗೆ ಕಾಣದ ಆಯಾಮಗಳು ಸುರುಳಿ ಸುತ್ತಿಕೊಂಡಿರಬಹುದಂತೆ. “ನಿಮ್ಮ ಕಿವಿಯಿಂದ ಇಳಿದಿರೋ ವೈರು ದೂರಕ್ಕೆ ಬರೀ ಗೆರೆ,” ಎಂದಳು ಅರಳು. “ಬೆರಳಲ್ಲಿ ಹಿಡಿದು ನೋಡಿ, ಅದಕ್ಕೂ ಸುತ್ತಳತೆ ಇದೆ.” ಎಲ್ಲರೂ ವೈರು ಮುಟ್ಟಿಕೊಂಡರು.

ಅಷ್ಟರಲ್ಲಿ ವಿಜ್ಞಾನಿ ಬರೆದು ತಂದುದನ್ನು ಬಿಟ್ಟು ಬೇರೆಲ್ಲಿಗೋ ಹಾರಿದರು. “ನಮ್ಮ ವಿಶ್ವವೇ ಒಂದು ಮೆದುಳಿರಬಹುದು,” ಎಂದಳು ಅರಳು. ಮುಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು. “ಎಳೆಯ ತುದಿಗಳು ಈ ಮೆದುಳಿಗೆ ಅಂಟಿರುತ್ತವೆ. ಬೆಳಕು ಈ ಮೆದುಳನ್ನು…”

ದನಿ ನಿಂತಿತು. ವಿಜ್ಞಾನಿ ನಿಲ್ಲಲಿಲ್ಲ. ಒಬ್ಬಾತ ಕಿವಿಯ ಸಾಧನ ಕಿತ್ತು ಮಡಿಲಲ್ಲಿಟ್ಟುಕೊಂಡ. ಗಾಜಿನ ಹಿಂದೆ ಮೇಲ್ವಿಚಾರಕ ಅವಳತ್ತ ಬಾಗಿದ. ಮೈಕು ಆರಿಸಿರಲಿಲ್ಲ, ಅವನ ಪಿಸುಮಾತು ನಮ್ಮೆಲ್ಲರ ಕಿವಿಗೂ ಬಿತ್ತು: “ತಿದ್ದೋಕೆ ಹೋಗ್ಬೇಡಮ್ಮ, ಮಾನ ಹೋಗುತ್ತೆ! ಯಾರಿಗೆ ಗೊತ್ತಾಗುತ್ತೆ, ಮುಂದಕ್ಕೆ ಹೋಗು.”

“ತಿದ್ದುಪಡಿ,” ಎಂದಳು ಅರಳು. “ತಪ್ಪು ನನ್ನದು. ಅವರು ಹೇಳಿದ್ದು ತಲೆಯೊಳಗಿನ ಬ್ರೇನ್ ಅಲ್ಲ, ಮೆಂಬ್ರೇನ್ ಅನ್ನೋ ಪದದ ಬಾಲ, ಇನ್ನೊಂದು ಬ್ರೇನ್. ಮೆದುಳಲ್ಲ, ಪೊರೆ. ನಾವೆಲ್ಲ ಒಂದು ಪೊರೆಗೆ ಅಂಟಿಕೊಂಡಿರಬಹುದು. ಬೆಳಕು ಅದನ್ನು ಬಿಟ್ಟು ಆಚೆ ಹೋಗಲಾರದು.”

ಕನ್ನಡದಲ್ಲಿ ಬರೆದರೆ ಎರಡು ಬ್ರೇನಿಗೂ ಒಂದೇ ಕಾಗುಣಿತ. ಕಿವಿಯನ್ನು ದೂರಿ ಫಲವೇನು?

ಭಾಷಣ ಮುಗಿಯಿತು. ಪ್ರಶ್ನೆಗಳಿವೆಯೇ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಒಂದು ಬಂತು, ಇನ್ನೊಂದು ಬಂತು. ಕನ್ನಡ ಕೇಳುತ್ತಿದ್ದ ನಮ್ಮ ಸಾಲುಗಳಲ್ಲಿ ಒಂದು ಕೈಯೂ ಏಳಲಿಲ್ಲ. ಮೇಲ್ವಿಚಾರಕ ಗಡಿಯಾರ ನೋಡಿ, ಕೋಣೆಯ ದೀಪದ ಗುಂಡಿಗೆ ಕೈಯಿಟ್ಟ. ನಾನು ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ.

ಕಪ್ಪು ಕನ್ನಡಕದ ವೃದ್ಧೆಯೊಬ್ಬರು ಎದ್ದರು. “ನನ್ನ ಕಣ್ಣಿನ ಪೊರೆ ಮೊನ್ನೆಯಷ್ಟೇ ತೆಗೆಸಿದ್ದೀನಿ ಕಣಮ್ಮ. ವಿಶ್ವದ ಈ ಪೊರೆ ಬಿಟ್ಟು ಬೆಳಕೇ ಹೋಗಲ್ಲ ಅಂದ್ರೆ, ಆಚೆ ಏನಿದೆ ಅಂತ ನೋಡೋದು ಹೇಗೆ?”

ಅರಳು ಅದನ್ನು ಇಂಗ್ಲಿಷಿಗೆ ದಾಟಿಸಿದಳು. ವಿಜ್ಞಾನಿ ಮೇಜು ಬಿಟ್ಟು ಮುಂದೆ ಬಂದರು. ಉತ್ತರ ಅವಳ ದನಿಯಲ್ಲಿ ಕೇಳಿಸಿತು: “ನೋಡೋಕೆ ಆಗಲ್ಲ ತಾಯಿ. ಗುರುತ್ವದ ಎಳೆ ಬಳೆಯ ಹಾಗೆ, ಅಂಟಿಕೊಳ್ಳೋಕೆ ತುದಿಯೇ ಇಲ್ಲ. ಅದು ಆಚೆ ಜಾರಬಹುದು. ಹಾಗೆ ಜಾರಿದ್ದರ ಗುರುತು ಇನ್ನೂ ಯಾರಿಗೂ ಸಿಕ್ಕಿಲ್ಲ.”

“ಹಾಗಾದ್ರೆ ಹುಡುಕ್ತಾ ಇರಿ,” ಎಂದು ಅಜ್ಜಿ ಕುಳಿತರು. ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು.

ಮೇಲ್ವಿಚಾರಕ ಗುಂಡಿಯಿಂದ ಕೈ ತೆಗೆದ. “ಮುಂದಿನ ಭಾಷಣದ ಪದಗಳನ್ನಾದ್ರೂ ಮೊದಲೇ ಕೇಳಿಟ್ಕೊಳ್ಳಿ,” ಎಂದು ಅವನು ಗದರಿದ್ದೂ ನಮಗೆ ಕೇಳಿಸಿತು.

“ಮೈಕು ಆರಿದೆಯಾ ನೋಡ್ಕೊಂಡು ಬೈಯಿರಿ ಸಾರ್,” ಎಂದಳು ಅರಳು.