ಹಿರಿಯರನ್ನು ಕರೆದರೆ ಸಾಕೆಂದವನು

ನಮ್ಮ ಕಡೆ ಮದುವೆಗೆ ಕರೆಯಲು ಹೋದಾಗ ಹಿರಿಯರ ಕೈಗೆ ಲಗ್ನಪತ್ರಿಕೆ ಕೊಟ್ಟರೆ ಸಾಲದು. ಬೇರೆ ಒಲೆ ಹೂಡಿದ ಮಗನಿದ್ದರೆ ಅವನ ಹೊಸ್ತಿಲಿಗೂ ಹೋಗಬೇಕು, ನಡುವೆ ಇರುವುದು ಒಂದೇ ಗೋಡೆಯಾದರೂ. ಇದನ್ನು ಬಲ್ಲ ನಾನೇ ತರಗತಿಯಲ್ಲಿ ಎಡವಿದೆ.

ನಾನು ಹಾವೇರಿಯಲ್ಲಿ ಕಂಪ್ಯೂಟರ್ ಮೇಷ್ಟ್ರು. ಅದಕ್ಕೂ ಮೊದಲು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಿಗೆ ವಿಷುಯಲ್ ಬೇಸಿಕ್‌ನಲ್ಲಿ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಆ ಭಾಷೆಯಲ್ಲಿ ಮೇಲ್ಗಡೆ ‘ಸಿಸ್ಟಮ್’ ಎಂಬ ದೊಡ್ಡ ಮನೆಯ ಹೆಸರು ಬರೆದರೆ ಆಯಿತು. ಅದರೊಳಗಿನ ‘ಐಒ’ ಎಂಬ ಮನೆಯನ್ನು, ಫೈಲ್ ಓದುವ ಸಲಕರಣೆ ಇರುವುದು ಅಲ್ಲೇ, ಬರೀ ಹೆಸರು ಹಿಡಿದು ಕರೆಯಬಹುದು. ತರಗತಿಯಲ್ಲಿ ಕಲಿಸಬೇಕಿದ್ದ ಸಿ ಶಾರ್ಪ್ ಅದರ ತಂಗಿಯಂಥ ಭಾಷೆ, ಅಲ್ಲೂ ಹಾಗೇ ಎಂದುಕೊಂಡೆ. ಒಮ್ಮೆಯೂ ಓಡಿಸಿ ನೋಡಲಿಲ್ಲ. ಎಲ್ಲ ಬಲ್ಲೆನೆಂಬ ಧಿಮಾಕು, ಬೇರೇನಲ್ಲ.

ಕರ್ಜಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಕೇಳಿದ್ದಳು. “ಐಒಗ ಬ್ಯಾರೆ ಸಾಲು ಬರೀಬೇಕೇನ್ರಿ, ಸರ್?”

“ಏನೂ ಬ್ಯಾಡವ್ವಾ. ಹಿರೇರನ್ನ ಕರದೇವಿ, ಮಕ್ಕಳು ಬರತಾರ.”

ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳಿಗೆ ಫೈಲ್ ಓದುವ ಪ್ರಶ್ನೆಯೇ ಬಂತು. ಫೇಲಾದರೆ ವರ್ಷವೊಂದು ಕೈಬಿಟ್ಟಂತೆ. ‘ಐಒ’ ಎಂದರೆ ಯಾರೋ ಗೊತ್ತಿಲ್ಲ ಎಂದು ಕಂಪ್ಯೂಟರ್ ಹಠ ಹಿಡಿಯಿತು. ಅವಳು ಕೆಳಗಿನ ಸಾಲುಗಳನ್ನೆಲ್ಲ ಅಳಿಸಿ ಅಳಿಸಿ ಬರೆದಳು, ಮೇಲಿನದನ್ನು ಮಾತ್ರ ಮುಟ್ಟಲಿಲ್ಲ. ಅದು ನಾನು ಹೇಳಿಕೊಟ್ಟದ್ದು.

ವೇಳೆ ಮುಗಿದ ಮೇಲೆ ರಾಣೇಬೆನ್ನೂರಿನಿಂದ ಬಂದಿದ್ದ ಪರೀಕ್ಷಕರು ಬಗ್ಗಿ ನೋಡಿದರು. “ಸಿಸ್ಟಮ್ ಒಳಗಿನ ಐಒನ್ನ ಸಿ ಶಾರ್ಪ್‌ನ್ಯಾಗ ಬ್ಯಾರೆನ ಕರೀಬೇಕು. ಹಿಂಗ ಯಾರು ಕಲಿಸ್ಯಾರ? ಕಲಿಸಿದ್ದ ತಪ್ಪಿದ್ರ ಹತ್ತು ನಿಮಿಷ ಕೊಡತೇನಿ.”

ಅವಳು ನನ್ನ ಕಡೆ ನೋಡಿದಳು. ನಾನು ಹಾಜರಿ ಹಾಳೆ ನೋಡಿದೆ. ಹೊರಗಿನವರ ಮುಂದೆ ಮಾನ ಹೋದೀತೆಂಬ ಭಯ.

“ನಾನ ಮರತೆರಿ” ಎಂದಳು ಅವಳು, ಪರೀಕ್ಷಕರ ಕಡೆ ತಿರುಗಿ.

ಅವಳು ಫೇಲಾದಳು. ಮರುವಾರ ನಾನು ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಕೇಳಬೇಕಾದವಳು ಅಲ್ಲಿ ಇರಲಿಲ್ಲ. ನಾಚಿಕೆ ಕಡಿಮೆಯಾಗಲಿಲ್ಲ.

ಮುಂದಿನ ವರ್ಷ ಪಾಸಾಗಿ ಪೇಢೆ ಹಿಡಿದು ಬಂದಳು. ಪೊಟ್ಟಣ ತೆಗೆದುಕೊಳ್ಳಲು ಕೈ ಮುಂದಾಗಲಿಲ್ಲ.

“ಅವತ್ತ ನಾ ಬಾಯಿ ಬಿಡಬೇಕಿತ್ತವ್ವಾ” ಎಂದೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪೇಢೆಯನ್ನು ಮೇಜಿನ ಮೇಲಿಟ್ಟಳು.

“ಹೌದ್ರಿ, ಸರ್. ನೀವು ಹೇಳತೀರಿ ಅಂತ ದಾರಿ ನೋಡಿದೆ.”