ಪತಂಗದ ಮೀಸೆ, ಶಾರ್ಕಿನ ಕಣ್ಣು

2022ರ ಮುಂಗಾರಿನಲ್ಲಿ ನಾನು ಜಮಖಂಡಿ ತಾಲ್ಲೂಕಿನಲ್ಲಿ ಕೃಷಿ ಅಧಿಕಾರಿ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಸಾವಳಗಿಯಲ್ಲಿ ಮೆಕ್ಕೆಜೋಳದ ಲದ್ದಿ ಹುಳುವಿನ ತರಬೇತಿಗೆ ಗೋಡೆಯ ಮೇಲೆ ಎರಡು ಚಿತ್ರ ಅಂಟಿಸಿದ್ದೆ: ಆ ಹುಳುವನ್ನು ಹುಟ್ಟಿಸುವ ಫಾಲ್ ಆರ್ಮಿವರ್ಮ್ ಪತಂಗ, ಪಕ್ಕದಲ್ಲಿ ದೊಡ್ಡ ಬಿಳಿ ಶಾರ್ಕ್.

“ಸಮುದ್ರದ ಮೀನ ತಗೊಂಡು ನಾವೇನ ಮಾಡೂದ್ರಿ ಸಾಹೇಬ್ರ?” ಎಂದು ಶಾಂತವ್ವ ಎಲ್ಲರನ್ನೂ ನಗಿಸಿದರು. ಎರಡು ಎಕರೆ ಮೆಕ್ಕೆಜೋಳ, ಮೇವಿಗೆ ಅದನ್ನೇ ನಂಬಿದ ನಾಲ್ಕು ಎಮ್ಮೆ ಅವರ ಬದುಕು.

ಎರಡಕ್ಕೂ ವಾಸನೆಯೇ ಬಲ ಎಂದೆ. ಆದರೆ ಶಾರ್ಕ್ ರಕ್ತದ ವಾಸನೆ ಹಿಡಿದು ಬಂದರೂ ಹತ್ತಿರದಲ್ಲಿ ಕಣ್ಣಿಂದ ನೋಡುತ್ತದೆ. ಗಂಡು ಪತಂಗ ಹೆಣ್ಣಿನ ವಾಸನೆಯನ್ನು ಮೀಸೆಯಲ್ಲಿ ಹಿಡಿದು, ಅದೊಂದನ್ನೇ ನಂಬಿ ಹಾರುತ್ತದೆ. ಅದೇ ವಾಸನೆ ತುಂಬಿದ ರಬ್ಬರ್ ತುಂಡು, ಅಂದರೆ ಲ್ಯೂರ್, ಮೋಹಕ ಬಲೆಯಲ್ಲಿರುತ್ತದೆ. ಪತಂಗ ಬಿದ್ದರೆ ಔಷಧ ಹೊಡೆಯಿರಿ, ಬೀಳದಿದ್ದರೆ ನಿಶ್ಚಿಂತೆಯಿಂದಿರಿ ಎಂದುಬಿಟ್ಟೆ.

ಅಂದು ರೈತರಿಗೆ ಹಂಚಿದ ಬಲೆಗಳಿಗೆ ಲ್ಯೂರ್ ಕೊಟ್ಟವನು ಜಮಖಂಡಿಯಲ್ಲಿ ಬೀಜ, ಔಷಧದ ಅಂಗಡಿ ಇಟ್ಟಿದ್ದ ಶಂಕರ. ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವನು, ನನ್ನ ಮನೆಯಲ್ಲಿ ವಾರಕ್ಕೊಮ್ಮೆ ಉಣ್ಣುತ್ತಿದ್ದವನು. ಅವನು ಕೊಟ್ಟ ಪೊಟ್ಟಣವನ್ನು ನಾನು ತಿರುಗಿಸಿಯೂ ನೋಡಲಿಲ್ಲ.

ಮೂರು ವಾರವೂ ಶಾಂತವ್ವ ಫೋನ್ ಮಾಡಿ “ಬಲಿ ಖಾಲಿ ಐತ್ರಿ” ಎಂದರು. “ಛಲೋ ಆತು” ಎಂದೆ. ನಾಲ್ಕನೇ ವಾರ “ಸುಳಿಯಾಗ ಹುಳ ಅದಾವ್ರಿ, ಲಗೂನ ಬರ್ರಿ” ಎಂದರು. ಹೋಗಿ ನೋಡಿದರೆ ಎಲೆಯೆಲ್ಲ ಜರಡಿ, ಸುಳಿಯ ತುಂಬ ಮರದ ಪುಡಿಯಂಥ ಹಿಕ್ಕೆ, ಅದರೊಳಗೆ ಕೊಬ್ಬಿದ ಹುಳು. ಬಲೆ ಮಾತ್ರ ಖಾಲಿ. ಉಳಿದಿದ್ದ ಪೊಟ್ಟಣದ ಚೀಟಿ ಕೆರೆದೆ. ಅದರಡಿ ಇನ್ನೊಂದು ಚೀಟಿ, ಅವಧಿ ಮುಗಿದು ವರ್ಷವಾಗಿತ್ತು.

“ಲೇ ಶಂಕ್ರ್ಯಾ, ಏನೋ ಇದು?” ಎಂದು ಅವನ ಅಂಗಡಿಗೇ ಹೋಗಿ ಕೇಳಿದೆ.

“ಹೋದ ವರ್ಷದ್ದು ಉಳಿದಿತ್ತಪಾ. ವಾಸನಿ ಯಾರ ಕಣ್ಣಿಗೆ ಕಾಣತೈತಿ, ಬಿಡೋ.”

ಉಂಡ ಮನೆಗೆ ಎರಡು ಬಗೆದವನು! ಅವನ ಮೇಲೆ ದೂರು ಬರೆದು ಕಳಿಸಿದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಮತ್ತೆ ಸಾವಳಗಿಗೆ ಹೋಗಿ ಶಾಂತವ್ವನ ಮುಂದೆ ಅವನನ್ನು ಬಾಯಿಗೆ ಬಂದಂತೆ ಬೈದೆ. ಅವರು ಎಮ್ಮೆಗಳ ಕಡೆ ನೋಡುತ್ತ ಕೇಳಿದರು: “ಅಂವ ಮೋಸ ಮಾಡ್ಯಾನ, ಖರೆ. ಆದ್ರ ಶಾರ್ಕ್ ಕಣ್ಣಿಲೇನೂ ನೋಡತೈತಿ ಅಂತ ನೀವ ಹೇಳಿದ್ರಲ್ಲರಿ. ಮೂರು ವಾರದಾಗ ನೀವೊಮ್ಮೆ ಬಂದು ನೋಡಲಿಲ್ಲ.”

ಉಳಿದ ಆ ಒಂದು ವರ್ಷ, ಬಲೆ ತುಂಬಿರಲಿ ಖಾಲಿಯಿರಲಿ, ಹೊಲಕ್ಕಿಳಿದು ಸುಳಿ ಬಿಡಿಸಿ ನೋಡದೆ ನಾನು ಯಾರಿಗೂ “ಛಲೋ ಆತು” ಎನ್ನಲಿಲ್ಲ.